ಮೊಜಾಂಬಿಕ್‌ನಲ್ಲಿ ನಾನು ವಿದ್ಯಾರ್ಥಿಯಾದ ಹತ್ತು ವಾರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ವಿದೇಶದಲ್ಲಿ ಸ್ವಯಂಸೇವೆ’. ಹೆಸರು ದೊಡ್ಡದಿದೆ. ಸಾಹಸದ ಕತೆ ಕೇಳಲು ಬಂದವರಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. 2018ರಲ್ಲಿ ನಾನು ವೇತನವಿಲ್ಲದ ರಜೆ ಹಾಕಿ, ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಆಫ್ರಿಕಾದ ಮೊಜಾಂಬಿಕ್ ದೇಶಕ್ಕೆ ಹೋಗಿ ಒಂಬತ್ತು ತಿಂಗಳು ಇದ್ದು ಬಂದೆ. ಅದರಲ್ಲಿ ಮೊದಲ ಹತ್ತು ವಾರ ಬರೀ ತರಬೇತಿ. ಆಮೇಲೆ ಮಾಡಿದ ಕೆಲಸದ ಬಗ್ಗೆ ವರದಿ ಬರೆದು ಕೊಟ್ಟಿದ್ದೇನೆ. ಅದು ಎಲ್ಲೋ ಕಡತದಲ್ಲಿದೆ, ಅಲ್ಲಿಯೇ ಇರಲಿ. ಇವತ್ತು ಹೇಳುವುದು ಆ ಹತ್ತು ವಾರದ ಮಾತು. ಆರು ವರ್ಷ ಉರ್ದು ಮತ್ತು ಕನ್ನಡ ಪಾಠ ಮಾಡಿದ್ದ ನಾನು ಅಲ್ಲಿ ಬೆಂಚಿನ ಈಚೆ ಕಡೆಗೆ ಬಂದು, ಒಂದಕ್ಷರ ಬಾರದ ಭಾಷೆ ಕಲಿಯಲು ಕುಳಿತಿದ್ದೆ.

ಆ ದೇಶದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮದೇ ಹಿಂದೂ ಮಹಾಸಾಗರದ ಆಚೆ ದಡದಲ್ಲಿದೆ ಮೊಜಾಂಬಿಕ್. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬರುವ ಮೊದಲು ಅಲ್ಲಿ ಲಂಗರು ಹಾಕಿದ್ದ. ಅವನಿಗಿಂತ ಎಷ್ಟೋ ಮೊದಲು ಅರಬ್ ಮತ್ತು ಸ್ವಾಹಿಲಿ ವರ್ತಕರ ಹಡಗುಗಳು ಆ ಕರಾವಳಿಯಲ್ಲಿ ಓಡಾಡುತ್ತಿದ್ದವು. ಮೊಜಾಂಬಿಕ್ ಎಂಬ ಹೆಸರೇ ಒಂದು ಸಣ್ಣ ದ್ವೀಪದ್ದು. ಅಲ್ಲಿದ್ದ ಮೂಸಾ ಬಿನ್ ಬಿಕ್ ಎಂಬ ಅರಬ್ ಮುಖಂಡನ ಹೆಸರಿನಿಂದ ಅದು ಬಂದಿದೆ ಎಂದು ಜನ ಹೇಳುತ್ತಾರೆ. ಪೋರ್ಚುಗೀಸರು ಅದನ್ನು ಹಿಡಿದ ಮೇಲೆ 1752ರವರೆಗೆ ಆ ಪ್ರದೇಶದ ಆಡಳಿತ ಎಲ್ಲಿಂದ ನಡೆಯುತ್ತಿತ್ತು ಗೊತ್ತೆ? ನಮ್ಮ ಪಕ್ಕದ ಗೋವಾದಿಂದ. 1975ರ ಜೂನ್ 25ರಂದು ದೇಶ ಸ್ವತಂತ್ರವಾಯಿತು. 1977ರಿಂದ 1992ರವರೆಗೆ ಅಂತರ್ಯುದ್ಧ ನಡೆದು, ಇದ್ದ ಶಾಲೆಗಳೂ ಹಾಳಾದವು.

ಆಡಳಿತ ಭಾಷೆ, ಶಾಲೆಯ ಭಾಷೆ ಈಗಲೂ ಪೋರ್ಚುಗೀಸ್. ಆದರೆ 2017ರ ಜನಗಣತಿಯಂತೆ ಅದನ್ನು ಮಾತೃಭಾಷೆಯಾಗಿ ಉಳ್ಳವರು 100ಕ್ಕೆ ಸುಮಾರು 17 ಜನ ಮಾತ್ರ. ನಾನಿದ್ದ ಉತ್ತರದ ನಾಂಪುಲಾ ಪ್ರಾಂತದಲ್ಲಿ ಮನೆಯ ಮಾತು ಮಕುವಾ. ದೇಶದಲ್ಲಿ ಅತಿ ಹೆಚ್ಚು ಜನ ಮನೆಯಲ್ಲಾಡುವ ಭಾಷೆಯೂ ಅದೇ. ಕರಾವಳಿಯ ಮಕುವಾ ಜನರಲ್ಲಿ ಹೆಚ್ಚಿನವರು ಮುಸಲ್ಮಾನರು. ದಾರಿಯಲ್ಲಿ ಎದುರಾದವರು ‘ಸಲಾಮಾ’ ಎನ್ನುತ್ತಾರೆ, ಉಪಕಾರ ಮಾಡಿದರೆ ‘ಕೊಶುಕುರು’ ಎನ್ನುತ್ತಾರೆ. ‘ಶುಕ್ರ್’ ಎಂಬುದು ಅಷ್ಟು ದೂರ ಹೋಗಿ ಆ ಉಡುಪು ತೊಟ್ಟು ನಿಂತಿರುವುದನ್ನು ಕೇಳಿ ಮೊದಲ ದಿನವೇ ನನಗೆ ಅರ್ಧ ಭಯ ಹೋಯಿತು. ಉಳಿದರ್ಧ ಬಹಳ ದಿನ ಉಳಿಯಿತು.

ನಾಂಪುಲಾ ಊರಿನ ಸುತ್ತ ಬಯಲಿನಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಂತ ಬೋಳು ಬಂಡೆಗುಡ್ಡಗಳಿವೆ. ಬಸ್ಸಿನಿಂದ ನೋಡಿದಾಗ ನಮ್ಮ ಗಂಗಾವತಿ, ಆನೆಗೊಂದಿ ಕಡೆ ಹೋಗುತ್ತಿದ್ದೇನೆ ಅನ್ನಿಸಿತ್ತು. ನಾವು ಬೇರೆ ಬೇರೆ ದೇಶಗಳಿಂದ ಬಂದ ಹದಿನಾಲ್ಕು ಜನ ಶಿಬಿರಾರ್ಥಿಗಳು. ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದರು. ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಬಾರದು ಎಂಬುದೊಂದೇ ನಿಯಮ. ಈ ಪದ್ಧತಿ ಹೊಸದಲ್ಲ. ಅಮೆರಿಕದ ಪೀಸ್ ಕೋರ್ 1998ರಿಂದ ಮೊಜಾಂಬಿಕ್‌ನಲ್ಲಿ ತನ್ನ ಸ್ವಯಂಸೇವಕರನ್ನು ಹೀಗೆಯೇ ಮನೆಗಳಲ್ಲಿಟ್ಟು ತಯಾರು ಮಾಡುತ್ತಿತ್ತು. ಅದೇ ಪೀಸ್ ಕೋರ್‌ನ ಯುವಕರು 1960ರ ದಶಕದಲ್ಲಿ ಕನ್ನಡ ಕಲಿತು ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದಿದ್ದರು. ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ, ಕೋಳಿ ಸಾಕಣೆ ಕಲಿಸಲು ಬಂದ ಬಿಳಿಯ ಹುಡುಗರ ನೆನಪು ಯಾರಿಗಾದರೂ ಇದ್ದೀತು.

ನನಗೆ ಸಿಕ್ಕ ಮನೆಯಲ್ಲಿ ಒಬ್ಬ ಅಜ್ಜಿ, ಅವರ ಮಗಳು, ಮಗಳ ಮೂವರು ಮಕ್ಕಳು. ಅಳಿಯ ಕರಾವಳಿಯ ನಕಾಲಾ ಬಂದರಿನಲ್ಲಿ ದುಡಿಯುತ್ತಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಹಸಿ ಇಟ್ಟಿಗೆಯ ಗೋಡೆ, ತಗಡಿನ ಮಾಡು, ದಿನವೂ ಗುಡಿಸಿ ನುಣ್ಣಗಾದ ಅಂಗಳ, ಅಂಗಳದಲ್ಲಿ ಒಂದು ಮಾವಿನ ಮರ. ಹಿತ್ತಲಿನಲ್ಲಿ ಬಿದಿರು ತಡಿಕೆ ಕಟ್ಟಿದ ಬಚ್ಚಲು. ಮೊದಲ ಸಂಜೆ ಮನೆಯ ಯಜಮಾನಿ ಬಿಸಿನೀರು ತುಂಬಿದ ಪಾತ್ರೆ ತಂದಿಟ್ಟು ‘ಬಾಲ್ದಿ’ ಎಂದರು. ನಾನು ಅವಾಕ್ಕಾದೆ. ನಮ್ಮ ಅಮ್ಮ ಬಚ್ಚಲಿನಿಂದ ಕೂಗುವ ಮಾತದು! ಪೋರ್ಚುಗೀಸರು ಬಿಟ್ಟುಹೋದ ಬಾಲ್ದಿ ನಮ್ಮ ಮನೆಯಲ್ಲೂ ಇದೆ, ಅವರ ಮನೆಯಲ್ಲೂ ಇದೆ.

ದಿನಚರಿ ಹೇಳುತ್ತೇನೆ. ನಾಂಪುಲಾ ದೇಶದ ಪೂರ್ವ ಭಾಗದಲ್ಲಿದ್ದರೂ ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಹಾಗಾಗಿ ಅಲ್ಲಿ ಐದೂಕಾಲಿಗೆಲ್ಲ ಬೆಳಕು ಹರಿದುಬಿಡುತ್ತದೆ, ಸಂಜೆ ಆರಕ್ಕೆ ಕತ್ತಲು. ಫಜ್ರ್ ನಮಾಜ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ಹೆಂಗಸರು ಬೀದಿಯ ನಲ್ಲಿಯ ಮುಂದೆ ಹಳದಿ ಕ್ಯಾನುಗಳ ಸಾಲು ಹಚ್ಚಿರುತ್ತಿದ್ದರು. ಒಂದು ಕ್ಯಾನಿಗೆ 20 ಲೀಟರ್. ಹತ್ತು ವರ್ಷದ ಹುಡುಗಿ ಅದನ್ನು ತಲೆಯ ಮೇಲಿಟ್ಟು ಕೈಬಿಟ್ಟು ನಡೆಯುತ್ತಾಳೆ. ನನ್ನ ಸ್ನಾನದ ನೀರನ್ನು ಆ ಮಗು ಹೊತ್ತು ತರುವುದನ್ನು ನೋಡಲಾರದೆ ಒಂದು ದಿನ ನಾನೇ ಕ್ಯಾನ್ ಹಿಡಿದು ಹೋದೆ. ಸಾಲಿನಲ್ಲಿ ನಿಂತ ಗಂಡಸು ನಾನೊಬ್ಬನೇ. ಕೈಯಲ್ಲಿ ತೂಗಿಕೊಂಡು ಬರುವಾಗ ಅರ್ಧ ನೀರು ಪ್ಯಾಂಟಿನ ಮೇಲೆ. ಆ ಬಡಾವಣೆಯಲ್ಲಿ ನನ್ನ ಹೆಸರು ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ, ಅಂದಿನಿಂದ ‘ನೀರಿನ ಮೇಷ್ಟ್ರು’ ಎಂದಾದೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಜನ ಮಾತನಾಡಿಸತೊಡಗಿದರು.

ಬೆಳಗಿನ ತಿಂಡಿಗೆ ಅಲ್ಲಿನವರು ‘ಮಾತ ಬಿಶು’ ಎನ್ನುತ್ತಾರೆ. ಅಕ್ಷರಶಃ ಅರ್ಥ ‘ಹುಳ ಕೊಲ್ಲುವುದು’. ಬೇಯಿಸಿದ ಮರಗೆಣಸು ಇಲ್ಲವೆ ರೊಟ್ಟಿ, ಸಕ್ಕರೆ ಸುರಿದ ಚಹಾ. ಮಧ್ಯಾಹ್ನ ಮತ್ತು ರಾತ್ರಿ ಜೋಳದ ಹಿಟ್ಟಿನ ‘ಶಿಮಾ’. ಜೋಳವೆಂದರೆ ನಮ್ಮ ಬಿಳಿಜೋಳವಲ್ಲ, ಗೋವಿನಜೋಳ. ನೋಡಲು ನಮ್ಮ ಮುದ್ದೆಯ ಬಿಳಿ ತಮ್ಮ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಸಾರು ತುಂಬಿಕೊಂಡು ಉಣ್ಣಬೇಕು. ಮರಗೆಣಸಿನ ಎಲೆಯನ್ನು ಒನಕೆಯಲ್ಲಿ ಕುಟ್ಟಿ, ಶೇಂಗಾಪುಡಿ ಮತ್ತು ತೆಂಗಿನಹಾಲು ಹಾಕಿ ತಾಸುಗಟ್ಟಲೆ ಬೇಯಿಸಿದ ‘ಮತಾಪಾ’ ಎಂಬ ಪಲ್ಯ ಇದೆಯಲ್ಲ, ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಒಣಮೀನಿನ ವಾಸನೆಗೆ ಮಾತ್ರ ಹುಬ್ಬಳ್ಳಿ ಕಡೆಯವನಾದ ನಾನು ಕೊನೆಯವರೆಗೂ ಹೊಂದಿಕೊಳ್ಳಲಿಲ್ಲ.

ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆವರೆಗೆ ಪೋರ್ಚುಗೀಸ್ ಪಾಠ. ಮಧ್ಯಾಹ್ನ ಮಲೇರಿಯಾ, ಸೊಳ್ಳೆಪರದೆ, ಪಾಠಯೋಜನೆ, ಆ ದೇಶದ ಪಠ್ಯಕ್ರಮ ಇತ್ಯಾದಿ ಉಪನ್ಯಾಸಗಳು. ಬಿ.ಎಡ್. ಮಾಡಿದವರಿಗೆ ಅಂಥ ಮಧ್ಯಾಹ್ನಗಳು ಹೇಗಿರುತ್ತವೆ ಎಂದು ವಿವರಿಸಬೇಕಿಲ್ಲ.

ಭಾಷಾ ತರಗತಿಗೆ ನಾಲ್ಕೈದು ಜನರ ಗುಂಪು. ಕಲಿಸುವವನು ಅಲ್ಲಿಯದೇ ಯುವಕ. ಮೊದಲ ದಿನದಿಂದಲೇ ಇಂಗ್ಲಿಷ್ ಬಂದ್. ಶೇಂಗಾ, ಚಿಲ್ಲರೆ ನಾಣ್ಯ, ಚೊಂಬು, ಬಟ್ಟೆ ಇವೇ ಅವನ ಕಲಿಕೋಪಕರಣ. ಮೊದಲ ವಾರ ನನ್ನಷ್ಟು ಉತ್ಸಾಹಿ ವಿದ್ಯಾರ್ಥಿ ಯಾರೂ ಇರಲಿಲ್ಲ. ಯಾಕೆಂದರೆ ಪದಗಳೆಲ್ಲ ನನ್ನ ನೆಂಟರೇ! ‘ಶಾವಿ’ ಎಂದರೆ ಚಾವಿ. ‘ಮೆಸ್ತ್ರಿ’ ಎಂದರೆ ನಮ್ಮ ಮೇಸ್ತ್ರಿ. ‘ತ್ವಾಲ್ಯ’ ಎಂದರೆ ಉರ್ದುವಿನ ತೌಲಿಯಾ, ‘ಅರ್ಮಾರಿಯು’ ಎಂದರೆ ಅಲಮಾರಿ. ಬಟಾಟೆ ಬಟಾಟೆಯೇ. ನಮ್ಮ ಕಡೆ ಹರಾಜಿಗೆ ಲಿಲಾವು ಎನ್ನುತ್ತೇವಲ್ಲ, ಅದೂ ಅವರದೇ. ಪಗಾರವೂ ಅವರದೇ, ಆದರೆ ಸ್ವಯಂಸೇವಕನಿಗೆ ಆ ಪದ ಬಳಸುವ ಸಂದರ್ಭ ಬರಲಿಲ್ಲ.

ಇನ್ನೊಂದು ಕಡೆಯಿಂದ ಅರಬ್ಬಿ. ಪೋರ್ಚುಗಲ್ ದೇಶದ ದಕ್ಷಿಣ ಭಾಗ ಎಂಟನೆಯ ಶತಮಾನದಿಂದ 1249ರವರೆಗೆ ಮುಸ್ಲಿಂ ಆಳ್ವಿಕೆಯಲ್ಲಿತ್ತು. ಆ ಐನೂರು ವರ್ಷಗಳ ಗುರುತು ಭಾಷೆಯಲ್ಲಿ ಉಳಿದಿದೆ. ಹತ್ತಿಗೆ ‘ಅಲ್ಗುದಾಂವ್’, ಅಂದರೆ ಅಲ್ ಕುತ್ನ್. ದರ್ಜಿಗೆ ‘ಅಲ್ಫಯಾತಿ’, ಅಂದರೆ ಅಲ್ ಖಯ್ಯಾತ್. ಸಕ್ಕರೆಗೆ ‘ಅಸೂಕರ್’, ಇದು ನಮ್ಮ ಶರ್ಕರವೇ ಇರಾನ್, ಅರಬಸ್ತಾನ ಸುತ್ತಿ ಹೋದದ್ದು. ನಾವು ಹೆಸರು ಗೊತ್ತಿಲ್ಲದವನಿಗೆ ಫಲಾನಾ ಎನ್ನುತ್ತೇವೆ, ಅವರು ‘ಫುಲಾನು’ ಎನ್ನುತ್ತಾರೆ. ‘ಹಾಗಾಗಲಿ’ ಎಂದು ಹಾರೈಸಲು ‘ಒಶಲಾ’ ಎನ್ನುತ್ತಾರೆ. ಅದರೊಳಗೆ ಅಲ್ಲಾಹನ ಹೆಸರಿದೆ ಎಂದು ಹೇಳಿದಾಗ ನಮ್ಮ ಮೇಷ್ಟ್ರಿಗೇ ಆಶ್ಚರ್ಯವಾಯಿತು.

ಇಷ್ಟೆಲ್ಲ ತಿಳಿದಿತ್ತು, ಒಂದು ವಾಕ್ಯ ಮಾತ್ರ ಬಾಯಿಂದ ಹೊರಡಲಿಲ್ಲ. ಪದದ ಮೂಲ ಗೊತ್ತಿರುವುದು ಬೇರೆ, ಅಂಗಡಿಗೆ ಹೋಗಿ ಸಾಮಾನು ತರುವುದು ಬೇರೆ. ಪಂಡಿತರಾಗಿ ಸಂಸಾರ ನಡೆಸಲು ಬಾರದವರನ್ನು ನಾವು ನೋಡಿದ್ದೇವೆ, ನನ್ನದೂ ಅದೇ ಸ್ಥಿತಿ. ನನ್ನ ಪಕ್ಕ ಕುಳಿತಿದ್ದವಳು ಕೊಲಂಬಿಯಾದ ಹುಡುಗಿ. ಅವಳ ಮಾತೃಭಾಷೆ ಸ್ಪ್ಯಾನಿಷ್. ಅದಕ್ಕೂ ಪೋರ್ಚುಗೀಸಿಗೂ ಹತ್ತಿರದ ನಂಟು. ಮೂರನೆಯ ದಿನಕ್ಕೆ ಅವಳು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಎರಡನೆಯ ವಾರ ಒಂದು ಸಣ್ಣ ಪರೀಕ್ಷೆ ಇಟ್ಟು ಗುಂಪುಗಳನ್ನು ಮತ್ತೆ ಹಂಚಿದರು. ಸ್ವತಃ ಭಾಷಾ ಶಿಕ್ಷಕನಾದ ನಾನು ಕೊನೆಯ ಗುಂಪಿಗೆ ಬಿದ್ದೆ. ಆ ಹುಡುಗಿ ಬುದ್ಧಿವಂತೆ, ನಾನು ದಡ್ಡ ಎಂದೇ ಆ ರಾತ್ರಿ ನಂಬಿದ್ದೆ. ಅವಳು ಹೊರಟ ಜಾಗವೇ ನನಗಿಂತ ಬಹಳ ಮುಂದಿತ್ತು ಎಂಬುದು ಹೊಳೆಯಲು ತಡವಾಯಿತು.

ಉರ್ದು ಓದುವ ಮಕ್ಕಳಿಗೆ ನೂನ್ ಗುನ್ನಾ ಗೊತ್ತು. ಮೂಗಿನಿಂದ ಹೊರಡುವ ಆ ‘ನ್’ ಪೋರ್ಚುಗೀಸಿನಲ್ಲಿ ಹೆಜ್ಜೆ ಹೆಜ್ಜೆಗೂ ಬರುತ್ತದೆ. ಉರ್ದುವಿನಲ್ಲಿ ‘ಪಾಂವ್’ ಎಂದರೆ ಕಾಲು. ಹೆಚ್ಚುಕಡಿಮೆ ಅದೇ ಉಚ್ಚಾರದಲ್ಲಿ ಪೋರ್ಚುಗೀಸಿನಲ್ಲಿ ರೊಟ್ಟಿ. ನಮ್ಮ ಪಾವ್ ಭಾಜಿಯ ಪಾವ್ ಅದೇ, ಆದರೆ ದಾರಿಯಲ್ಲಿ ಮೂಗು ಕಳೆದುಕೊಂಡಿದೆ. ಇದನ್ನು ನಾನೇ ತರಗತಿಯಲ್ಲಿ ಎಲ್ಲರಿಗೂ ವಿವರಿಸಿದ್ದೆ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಅಭ್ಯಾಸಬಲದಿಂದ ‘ಐದು ಪಾವ್ ಕೊಡಿ’ ಎಂದೆ. ಮೂಗಿಲ್ಲದ ‘ಪಾವ್’ ಎಂದರೆ ಅವರಲ್ಲಿ ಕಟ್ಟಿಗೆ. ಅಂಗಡಿಯ ಹುಡುಗ ನನ್ನನ್ನೊಮ್ಮೆ ನೋಡಿ, ಹೊರಗೆ ಒಟ್ಟಿದ್ದ ಸೌದೆಯ ಕಡೆ ಕೈ ತೋರಿಸಿದ. ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಅದೇ ವಾರ ಇನ್ನೊಂದು ತಿಳಿಯಿತು. ಅಜ್ಜಿಗೂ ಅಜ್ಜನಿಗೂ ಅವರಲ್ಲಿ ‘ಅವೊ’ ಎಂದೇ ಕರೆಯುತ್ತಾರೆ, ಕೊನೆಯ ಸ್ವರದಲ್ಲಿ ಮಾತ್ರ ವ್ಯತ್ಯಾಸ. ಅಜ್ಜಿಯಾದರೆ ಬಾಯಿ ತುಸು ತೆರೆಯಬೇಕು, ಅಜ್ಜನಾದರೆ ತುಟಿ ಗುಂಡಗೆ ಮುಚ್ಚಬೇಕು. ಎರಡು ವಾರಗಳಿಂದ ನಾನು ಆ ತಾಯಿಯನ್ನು ಅಜ್ಜ, ಅಜ್ಜ ಎಂದು ಕರೆಯುತ್ತಿದ್ದೆ. ಅವರು ಪ್ರತಿ ಸಲವೂ ಓಗೊಟ್ಟಿದ್ದರು.

ಇದಾದ ಮೇಲೆ ನನ್ನ ಬಾಯಿ ಕಟ್ಟಿತು. ತರಗತಿಯಲ್ಲಿ ಮೇಷ್ಟ್ರ ಕಣ್ಣು ನನ್ನ ಕಡೆ ಬಂದರೆ ಪುಸ್ತಕದ ಪುಟ ತಿರುವುವುದು. ಉತ್ತರ ಗೊತ್ತಿದ್ದರೂ ಬೇರೆಯವರು ಹೇಳಲಿ ಎಂದು ಕಾಯುವುದು. ಸಂಜೆ ಮನೆಗೆ ಬಂದು ‘ಎಸ್ತೊ ಕಂಸಾದು’, ದಣಿದಿದ್ದೇನೆ, ಎಂದು ಹೇಳಿ ಕೋಣೆಗೆ ಹೋಗಿ ಸೊಳ್ಳೆಪರದೆಯೊಳಗೆ ಮಲಗಿಬಿಡುವುದು. ತಪ್ಪಿಲ್ಲದೆ ಬರುತ್ತಿದ್ದ ವಾಕ್ಯ ಅದೊಂದೇ. ಅದನ್ನೇ ಬಾಗಿಲಿಗೆ ಅಗುಳಿ ಮಾಡಿಕೊಂಡೆ. ಹತ್ತು ದಿನ ಹೀಗೆ ನಡೆಯಿತು. ರಜೆ ರದ್ದು ಮಾಡಿ ಊರಿಗೆ ಹೋಗಿಬಿಡೋಣ ಎಂದೂ ಯೋಚಿಸಿದೆ.

ಆ ಪರದೆಯೊಳಗೆ ಮಲಗಿದ್ದಾಗ ನೆನಪಾದ ಒಂದು ಸಂಗತಿಯನ್ನು ಈ ವೇದಿಕೆಯಿಂದ ಹೇಳಬೇಕೆಂದೇ ಕಾರ್ಯದರ್ಶಿಗಳ ಮಾತಿಗೆ ಒಪ್ಪಿಕೊಂಡೆ. ನಾನು ಹೋಗುವ ಹಿಂದಿನ ವರ್ಷ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಅದೇ. ಕನ್ನಡ ಅವನಿಗೆ ಶಾಲೆಯಲ್ಲಿ ಮಾತ್ರ. ನಮ್ಮ ಅನೇಕ ಮಕ್ಕಳಂತೆ ಅವನಿಗೂ ಳಕಾರ ಹೊರಳುತ್ತಿರಲಿಲ್ಲ. ಒಂದು ದಿನ ಪಾಠ ಗಟ್ಟಿಯಾಗಿ ಓದಲು ಎಬ್ಬಿಸಿದೆ. ‘ಮಳೆಯಿಂದ ಬೆಳೆ ಹಾಳಾಯಿತು’ ಎಂದಿತ್ತು. ಅವನು ‘ಮಲೆಯಿಂದ ಬೆಲೆ ಹಾಲಾಯಿತು’ ಎಂದು ಓದಿದ. ನಾನು, ‘ಹಾಲಾಯಿತೇ? ಒಳ್ಳೆಯದಾಯಿತು, ಕಾಸಿ ಎಲ್ಲರಿಗೂ ಚಹಾ ಮಾಡು’ ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆ ದಿನ ಪಾಠ ಚೆನ್ನಾಗಿ ಆಯಿತು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ ಕೂಡ. ಆಮೇಲೆ ಅವನನ್ನು ಎಷ್ಟು ಸಲ ಎಬ್ಬಿಸಿದರೂ ನೆಲ ನೋಡುತ್ತ ನಿಲ್ಲುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಹಟಮಾರಿ ಎಂದು ಬೈದೆ. ಅವನು ಹತ್ತನೆಯ ತರಗತಿಗೆ ಬರಲಿಲ್ಲ. ಮನೆಯ ಬಡತನವೂ ಕಾರಣವಿತ್ತು, ನಿಜ. ಆ ಒಂದು ಕಾರಣದ ಹಿಂದೆ ನಾನು ಆರಾಮಾಗಿ ಅಡಗಿಕೊಂಡಿದ್ದೆ.

ನನ್ನನ್ನು ಸೊಳ್ಳೆಪರದೆಯಿಂದ ಹೊರಗೆ ತಂದವರು ಆ ಅಜ್ಜಿ. ಒಂದು ಸಂಜೆ ‘ಎಸ್ತೊ ಕಂಸಾದು’ ಎನ್ನುವಷ್ಟರಲ್ಲಿ ಅವರು ಚಾಪೆಯ ಮೇಲೆ ಒಂದು ಮೊರ ಶೇಂಗಾ ಸುರಿದು, ಕೂತುಕೊ ಎಂದು ಕೈ ಮಾಡಿದರು. ಸುಲಿಯಲು ಕೂತೆ. ಒಂದು ತಾಸು ಇಬ್ಬರೂ ಮಾತಾಡಲಿಲ್ಲ. ಕೈಗೆ ಕೆಲಸವಿದ್ದಾಗ ಮೌನ ಅಷ್ಟು ಭಾರವಾಗುವುದಿಲ್ಲ. ಆಮೇಲೆ ಅವರು ಒಂದು ಕಾಯಿ ಎತ್ತಿ ಏನೋ ಹೇಳಿದರು. ನಾನು ಅದನ್ನೇ ತಪ್ಪಾಗಿ ಹೇಳಿದೆ. ಅವರು ನಗಲೂ ಇಲ್ಲ, ತಪ್ಪು ಎನ್ನಲೂ ಇಲ್ಲ. ಸರಿಯಾದ ರೂಪದಲ್ಲಿ ಅದನ್ನೇ ಇನ್ನೊಮ್ಮೆ ಹೇಳಿ ಸುಲಿಯುವುದನ್ನು ಮುಂದುವರಿಸಿದರು, ಅಷ್ಟೇ. ಮರುದಿನವೂ ಶೇಂಗಾ. ಅದರ ಮರುದಿನವೂ. ಆ ಮನೆಗೆ ಅಷ್ಟು ಶೇಂಗಾ ಬೇಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಅನುಮಾನವಿದೆ.

ನಿಧಾನವಾಗಿ ಒಂದು ವಿಷಯ ಹೊರಬಿತ್ತು. ಅಜ್ಜಿಗೆ ಬರುತ್ತಿದ್ದ ಪೋರ್ಚುಗೀಸ್ ನನಗಿಂತ ಬಹಳ ಹೆಚ್ಚಿನದೇನೂ ಆಗಿರಲಿಲ್ಲ! ದೇಶ ಸ್ವತಂತ್ರವಾದಾಗ ಅಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಅನಕ್ಷರಸ್ಥರು. 1978ರಲ್ಲಿ ಸರ್ಕಾರ ದೊಡ್ಡ ಸಾಕ್ಷರತಾ ಆಂದೋಲನ ಶುರುಮಾಡಿತು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಹಗಲು ಹೊಲದ ಕೆಲಸ ಮುಗಿಸಿ, ಬೆನ್ನಿಗೆ ಮಗು ಕಟ್ಟಿಕೊಂಡು ಸಂಜೆ ಮರದ ಕೆಳಗಿನ ತರಗತಿಗೆ ಹೋಗಿ ಅಕ್ಷರ ಕಲಿತರಂತೆ. ಅಕ್ಷರದ ಜೊತೆಗೇ ಹೊಸ ಭಾಷೆ. ಆಮೇಲೆ ಯುದ್ಧ ಬಂತು, ಓದು ನಿಂತಿತು. ಹೆಸರು ಬರೆಯಲು, ಬಸ್ಸಿನ ಬೋರ್ಡು ಓದಲು, ಆಸ್ಪತ್ರೆಯಲ್ಲಿ ನೋವು ಎಲ್ಲಿದೆ ಎಂದು ಹೇಳಲು ಬರುವಷ್ಟು ಉಳಿದಿತ್ತು. ಅದನ್ನು ಅವರು ಯಾವ ಸಂಕೋಚವೂ ಇಲ್ಲದೆ ಬಳಸುತ್ತಿದ್ದರು. ವ್ಯಾಕರಣ ತಪ್ಪಿದರೆ ಕೈಸನ್ನೆ, ಕೈಸನ್ನೆ ಸಾಲದಿದ್ದರೆ ಮಕುವಾ. ಹೀಗೆ ಇಬ್ಬರು ಅರೆಬರೆ ಪೋರ್ಚುಗೀಸರು ಒಂದು ಮೊರದ ಮುಂದೆ ಕುಳಿತು ಮಳೆ, ಬೆಲೆ, ಮಕ್ಕಳು, ತೀರಿಹೋದ ಅವರ ಯಜಮಾನರು, ನನ್ನ ಮದುವೆ ಇನ್ನೂ ಯಾಕಾಗಿಲ್ಲ ಎಂಬುದೆಲ್ಲ ಮಾತನಾಡಿದೆವು.

ಆ ಮೊರದ ಮುಂದೆ ಮೂರನೆಯವನೂ ಒಬ್ಬ ಸೇರಿಕೊಂಡ. ಏಳು ವರ್ಷದ ಮೊಮ್ಮಗ. ಅಲ್ಲಿ ಶಾಲೆ ಶುರುವಾಗುವುದು ವರ್ಷದ ಆರಂಭದಲ್ಲಿ. ಅವನು ಆಗಷ್ಟೇ ಒಂದನೆಯ ತರಗತಿಗೆ ಸೇರಿದ್ದ. ಮನೆಯಲ್ಲಿ ಮಕುವಾ ಬಿಟ್ಟು ಬೇರೆ ಮಾತಾಡಿದವನಲ್ಲ. ನನ್ನ ಪುಸ್ತಕದ ಚಿತ್ರಗಳನ್ನು ನೋಡಲು ಬಂದು ಕುಳಿತವನು, ನನ್ನ ಜೊತೆ ‘ಬಾ, ಬೆ, ಬಿ, ಬೊ, ಬು’ ಓದತೊಡಗಿದ. ಅವನು ನನಗೆ ಮಕುವಾದಲ್ಲಿ ಕೋಳಿ, ಆಡು, ಮಾವು ಹೇಳಿಕೊಡುವುದು, ನಾನು ಅವನಿಗೆ ಪೋರ್ಚುಗೀಸಿನಲ್ಲಿ ಅವನ್ನೇ ಹೇಳುವುದು. ಹರಟೆಮಲ್ಲ. ಒಂದು ನಿಮಿಷ ಬಾಯಿ ಮುಚ್ಚಿದವನಲ್ಲ.

ಐದನೆಯ ವಾರ ನಮ್ಮನ್ನು ಪಾಠ ವೀಕ್ಷಣೆಗೆ ಹತ್ತಿರದ ಪ್ರಾಥಮಿಕ ಶಾಲೆಗೆ ಕಳಿಸಿದರು. ಕಾಕತಾಳೀಯವಾಗಿ ಅದು ಅವನದೇ ತರಗತಿ. ಕೋಣೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು, ಅರ್ಧ ಜನ ನೆಲದ ಮೇಲೆ. ಆ ಶಿಕ್ಷಕಿ ದುಡಿಯುವವರು, ಒಳ್ಳೆಯವರು, ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಪಾಠ ಪೂರ್ತಿ ಪೋರ್ಚುಗೀಸಿನಲ್ಲಿ ನಡೆಯಿತು. ಪ್ರತಿ ಐದು ನಿಮಿಷಕ್ಕೊಮ್ಮೆ ಅವರು ‘ಪೆರ್ಸೆಬೆರಾಂ?’ ಎಂದು ಕೇಳುತ್ತಿದ್ದರು. ತಿಳಿಯಿತೇ ಎಂದು. ಎಪ್ಪತ್ತು ಕಂಠಗಳು ಒಟ್ಟಿಗೆ ರಾಗವೆಳೆದು ‘ಸೀಂ...’ ಎನ್ನುತ್ತಿದ್ದವು. ನನ್ನ ಹರಟೆಮಲ್ಲ ಗೋಡೆಗೆ ಆತು ಕುಳಿತು, ರಾಗ ಬಂದಾಗ ಮಾತ್ರ ಬಾಯಿ ತೆರೆದು, ಮತ್ತೆ ಮುಚ್ಚುತ್ತಿದ್ದ. ಆ ಮುಖವನ್ನು ನಾನು ಬಲ್ಲೆ. ‘ತಿಳೀತಾ?’ ‘ತಿಳೀತ್ರೀ ಸರ್...’ ಆ ರಾಗವನ್ನು ಕೇಳಿಯೇ ನಾನು ಆರು ವರ್ಷ ಪಾಠ ಮುಗಿಸಿ ಪುಸ್ತಕ ಮಡಚಿದ್ದೆ.

ಸಂಜೆ ಅವನನ್ನು ಕೇಳಿದೆ, ಇವತ್ತು ಟೀಚರು ಏನು ಹೇಳಿಕೊಟ್ಟರು? ಭುಜ ಕುಣಿಸಿದ. ಅಜ್ಜಿ ಮಕುವಾದಲ್ಲಿ ಕೇಳಿದರು. ಅವನು ಉತ್ತರ ಕೊಟ್ಟ, ಅಜ್ಜಿ ನನಗೆ ತಿರುಗಿಸಿ ಹೇಳಿದರು: ‘ಟೀಚರಿಗೆ ಬೇಜಾರಾಗಬಾರದು ಅಂತ ಎಲ್ಲರೂ ಸೀಂ ಅನ್ನುತ್ತೇವೆ.’

ಮೊದಲ ಕೆಲವು ವರ್ಷ ಮನೆಮಾತಿನಲ್ಲಿ ಕಲಿಸಿ, ಕ್ರಮೇಣ ಪೋರ್ಚುಗೀಸಿಗೆ ದಾಟಿಸುವ ದ್ವಿಭಾಷಾ ಪದ್ಧತಿ ಆ ದೇಶದಲ್ಲೂ ಇದೆ. 1990ರ ದಶಕದಲ್ಲಿ ಗಾಜಾ ಮತ್ತು ತೇತೆ ಪ್ರಾಂತಗಳಲ್ಲಿ ಪ್ರಯೋಗ ಮಾಡಿ ನೋಡಿ, 2003ರ ನಂತರ ಮಕುವಾ ಸೇರಿ ಹದಿನಾರು ಭಾಷೆಗಳಲ್ಲಿ ಆರಂಭಿಸಿದರು. ಅವನ ಶಾಲೆಗೆ ಅದು ಇನ್ನೂ ಬಂದಿರಲಿಲ್ಲ. ಕೆಲವು ತಂದೆತಾಯಿಗಳಿಗೆ ಅದು ಬೇಡವೂ ಹೌದು. ಮನೆಯ ಮಾತು ಮನೆಯಲ್ಲಿ ಬರುತ್ತದೆ, ನೌಕರಿಯ ಭಾಷೆ ಕಲಿಸಿ ಎನ್ನುತ್ತಾರೆ. ನಮ್ಮ ಸಂಘದ ಸಭೆಗಳಲ್ಲಿ ಉರ್ದು ಮಾಧ್ಯಮದ ಬಗ್ಗೆ ನಡೆಯುವ ವಾದವನ್ನೇ ಅಲ್ಲಿ ಕೇಳಿದ ಹಾಗಾಯಿತು. ಆ ತಂದೆತಾಯಿಗಳ ಆತಂಕ ಸುಳ್ಳಲ್ಲ. ಗೋಡೆಗೆ ಆತು ಕುಳಿತ ಆ ಮಗುವಿನ ಮುಖವೂ ಸುಳ್ಳಲ್ಲ.

ಹತ್ತನೆಯ ವಾರ ಮೌಖಿಕ ಪರೀಕ್ಷೆ ಇತ್ತು. ಅರ್ಧ ತಾಸು ಒಬ್ಬ ಅಪರಿಚಿತರ ಮುಂದೆ ಕುಳಿತು ಮಾತನಾಡಬೇಕು. ಹೋಗುವ ಮುನ್ನ ಅಜ್ಜಿ ‘ಒಶಲಾ’ ಎಂದರು, ನಾನು ‘ಇನ್‌ಷಾ ಅಲ್ಲಾಹ್’ ಎಂದೆ. ಪರೀಕ್ಷಕರು ನಿಮ್ಮ ದಿನಚರಿ ಹೇಳಿ ಎಂದಾಗ ನಾನು ಶೇಂಗಾ ಸುಲಿಯುವುದರಿಂದ ಆರಂಭಿಸಿದೆ. ಕ್ರಿಯಾಪದಗಳು ಎಡವಿದವು. ಸ್ತ್ರೀಲಿಂಗ, ಪುಲ್ಲಿಂಗ ಎಷ್ಟೋ ಕಡೆ ಅದಲು ಬದಲಾದವು. ಅವರ ಪುಸ್ತಕ ಪುಲ್ಲಿಂಗ, ನಮ್ಮ ಉರ್ದು ಕಿತಾಬ್ ಸ್ತ್ರೀಲಿಂಗ, ಕನ್ನಡಕ್ಕೆ ಆ ಗೋಜೇ ಇಲ್ಲ, ನಾನಾದರೂ ಏನು ಮಾಡಲಿ? ಆದರೆ ನಿಲ್ಲಿಸಲಿಲ್ಲ. ಮಧ್ಯಮ ದರ್ಜೆಯ ಕೆಳಮಟ್ಟ ಎಂದು ಬರೆದುಕೊಟ್ಟರು. ನನ್ನ ಬಿ.ಎಡ್. ಫಲಿತಾಂಶ ಬಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಮನೆಗೆ ಬಂದು ಬಾಯಿ ಸರಿಯಾಗಿ ತೆರೆದು ‘ಅವೊ’ ಎಂದು ಕರೆದೆ. ಅವರು ಓಗೊಟ್ಟರು, ಎಂದಿನ ಹಾಗೆಯೇ.

ಆ ವರ್ಷದ ಕೊನೆಯಲ್ಲಿ ಊರಿಗೆ ಬಂದೆ. ಒಂದು ದಿನ ಶಾಲೆಗೆ ಹೋಗುವಾಗ ಬೈಕ್ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಅಂಗಡಿಯಲ್ಲಿ ನಿಲ್ಲಿಸಿದೆ. ಟ್ಯೂಬ್ ಬಿಚ್ಚುತ್ತಿದ್ದವನು ತಲೆ ಎತ್ತಿದ, ಅದೇ ಹುಡುಗ. ಸಲಾಂ ಹೇಳಿದ. ಟೈರನ್ನು ತಿರುಗಿಸಿ ನೋಡಿ, ‘ಪೂರಾ ಹಾಳಾಗೇತ್ರಿ ಸರ್, ಮಳಿಗಾಲಕ್ಕ ನಡೆಯೂದಿಲ್ಲ’ ಎಂದು ಕನ್ನಡದಲ್ಲೇ ಹೇಳಿದ. ಳಕಾರ ಸ್ಪಷ್ಟವಾಗಿತ್ತು. ಗಿರಾಕಿಗಳ ಜೊತೆ ದಿನಾ ಮಾತಾಡಿ ಬಂದಿತ್ತು, ನಾನು ಕಲಿಸಿದ್ದಲ್ಲ.

ಅವನು ಪ್ಯಾಚ್ ಹಚ್ಚುವವರೆಗೆ ಕಲ್ಲಿನ ಮೇಲೆ ಕುಳಿತು ಆಫ್ರಿಕಾದ ಕತೆ ಹೇಳಿದೆ. ರೊಟ್ಟಿ ಕೇಳಿ ಕಟ್ಟಿಗೆ ತೋರಿಸಿಕೊಂಡದ್ದು, ಅಜ್ಜಿಯನ್ನು ಅಜ್ಜ ಎಂದದ್ದು, ಹತ್ತು ದಿನ ಬಾಯಿ ಮುಚ್ಚಿ ಮಲಗಿದ್ದು. ಕ್ಷಮೆ ಕೇಳಬೇಕೆಂದು ಮಾತು ಹುಡುಕುತ್ತಿದ್ದೆ. ಅವನು ಗಾಳಿ ತುಂಬುತ್ತ, ನನ್ನ ಕಡೆ ನೋಡದೆ ಕೇಳಿದ:

‘ಅಲ್ರೀ ಸರ್, ನಿಮಗ ಅಲ್ಲಿ ಯಾರೂ ಚಹಾ ಮಾಡು ಅನ್ನಲಿಲ್ಲೇನ್ರಿ?’